ಮೇಣದಲ್ಲಿ ಉಳಿಯದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕಕ್ಕೆ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯೊಂದಿದೆ. ಅಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಮೂಲೆ ಹಿಡಿದು ಕೂತಿರುವ ಹೆಂಗಸನ್ನು ಎಲ್ಲರೂ ಪೊರೆಯಕ್ಕ ಎನ್ನುತ್ತಾರೆ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಜೀವ ಹೋಗುತ್ತದೆ. ಮೇಲಿನ ಮಹಡಿಗಳಲ್ಲಿ ಡಾಕ್ಟರುಗಳು ರೋಗಿಯ ಮೈಯಿಂದ ತೆಗೆದ ಮಾಂಸದ ಚೂರು ಬಾಟಲಿಯಲ್ಲಿ ಕೆಳಗಿಳಿದು ಬರುತ್ತದೆ. ಅದನ್ನು ಔಷಧದಲ್ಲಿ ನೆನೆಸಿ, ಒಳಗಿನ ನೀರೆಲ್ಲ ತೆಗೆದು, ಕರಗಿದ ಮೇಣದಲ್ಲಿ ಹೂತು ಸಣ್ಣ ಬಿಲ್ಲೆ ಮಾಡುತ್ತಾರೆ. ಅದಕ್ಕೆ ಬ್ಲಾಕು ಎನ್ನುವುದು ರೂಢಿ. ಪೊರೆಯಕ್ಕ ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ಗಟ್ಟಿ ಮಾಡಿ, ಕೈಚಕ್ರವಿರುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾಳೆ. ಒಂದು ಸುತ್ತಿಗೆ ಒಂದು ಪೊರೆ. ಒಂದು ಕೂದಲನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ತೆಳುವು. ಆ ಪೊರೆಯನ್ನು ಕುಂಚದ ತುದಿಯಿಂದ ಎತ್ತಿ ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸ್ಲೈಡು ಎನ್ನುವ ಗಾಜಿನ ಪಟ್ಟಿಯನ್ನು ಅಡಿಯಿಂದ ತಂದು ಎತ್ತಿಕೊಳ್ಳಬೇಕು. ಸುಕ್ಕಾದರೆ ಡಾಕ್ಟರು ಬೈಯುತ್ತಾರೆ, ಹರಿದರೆ ರೋಗ ಕಾಣಿಸುವುದಿಲ್ಲ, ಸೀನಿದರೆ ಪೊರೆಯೇ ಇರುವುದಿಲ್ಲ. ನೆಗಡಿಯಾದ ದಿನ ಪೊರೆಯಕ್ಕ ರಜೆ ಹಾಕುತ್ತಾಳೆ.

ಬ್ಲಾಕು ಹಟ ಮಾಡಿ ಪುಡಿಪುಡಿಯಾಗಿ ಉದುರತೊಡಗಿದರೆ ಉಳಿದವರು ಯಂತ್ರಕ್ಕೆ ಶಾಪ ಹಾಕುತ್ತಾರೆ. ಇವಳು ಬಾಗಿ ಅದರ ಮೇಲೆ ಒಮ್ಮೆ ಬಾಯಿಂದ ಉಸಿರು ಬಿಡುತ್ತಾಳೆ, ಚಳಿಯಲ್ಲಿ ಅಂಗೈ ಬೆಚ್ಚಗೆ ಮಾಡಿಕೊಂಡಂತೆ. ಅಷ್ಟಕ್ಕೇ ಮೇಣ ಮೆತ್ತಗಾಗಿ ಮಾತು ಕೇಳುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಿ ಕಲಿತದ್ದಲ್ಲ.

ಹೊಸದಾಗಿ ಸೇರಿದವರಿಗೆ ಅವಳೆಂದರೆ ನಡುಕ. ಅವಳ ಬೈಗುಳವೆಲ್ಲ ಒಂದೇ ವಿಷಯಕ್ಕೆ. ಒಮ್ಮೆ ಯಂತ್ರದಿಂದ ತೆಗೆದ ಬ್ಲಾಕನ್ನು ಮತ್ತೆ ಸಿಕ್ಕಿಸಿದರೆ ಮೊದಲಿನ ಓರೆ ಸಿಗುವುದಿಲ್ಲ. ಮುಖ ಸಮ ಮಾಡಲು ಒಂದಷ್ಟು ಕೆರೆದು ಬಿಸಾಡಬೇಕಾಗುತ್ತದೆ. ಬಿಸಾಡುವ ಆ ಹುಡಿಯಲ್ಲಿ ರೋಗಿಯ ಮಾಂಸವೂ ಹೋಗುತ್ತದೆ. "ಸಲೀಸಾಗಿ ಕೆರೀತಾ ಕೂತ್ಕೋಬೇಡಿ. ನಾಳೆ ಅದರಲ್ಲಿ ಇನ್ನೇನು ಹುಡುಕ್ಬೇಕಾಗುತ್ತೋ ಯಾರಿಗೆ ಗೊತ್ತು? ಮುಗಿದ ಮೇಲೆ ಎಲ್ಲಿಂದ ತರ್ತೀರಿ?" ಎಂದು ಗದರುತ್ತಾಳೆ. ದಿನಕ್ಕೆ ನಾಲ್ಕು ಸಲವಾದರೂ ಈ ಮಾತು ಆ ಕೋಣೆಯಲ್ಲಿ ಕೇಳುತ್ತದೆ.

ಅಂಥವಳು ಒಂದೇ ಒಂದು ಸಲ, ಒಂದು ಬ್ಲಾಕನ್ನು ಬರೀ ಮೇಣ ಉಳಿಯುವವರೆಗೆ ಕತ್ತರಿಸಿ ಮುಗಿಸಿದ್ದಳು. ಅದು ಅವಳ ಅಣ್ಣನದು.

ಅಣ್ಣ ಅವಳಿಗಿಂತ ಹತ್ತು ವರ್ಷ ದೊಡ್ಡವನು, ಲಿಫ್ಟ್ ಮೆಕ್ಯಾನಿಕ್. ಅಪ್ಪ ಹೋದದ್ದು ಅವಳಿಗೆ ನೆನಪಿಲ್ಲ. ಅಮ್ಮ ಹೋದಾಗ ಅವಳಿಗೆ ಹದಿನಾಲ್ಕು, ಅವನಿಗೆ ಇಪ್ಪತ್ನಾಲ್ಕು. ಅಂದಿನಿಂದ ಅಪ್ಪ ಅಮ್ಮ ಎರಡೂ ಅವನೇ. ತಂಗಿಗೆ ಜಡೆ ಹಾಕುವುದನ್ನು ಅವನು ಲಿಫ್ಟಿನ ಉಕ್ಕಿನ ಹಗ್ಗ ನೋಡಿ ಕಲಿತಿದ್ದ. ಒಮ್ಮೆ ಹಾಕಿದರೆ ಮೂರು ದಿನ ಬಿಚ್ಚುತ್ತಿರಲಿಲ್ಲ, ತಲೆನೋವು ಬೇರೆ. ತನ್ನ ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಕಟ್ಟಡದಲ್ಲಿ ಲಿಫ್ಟು ನಿಂತು ಅವನಿಗೆ ಕರೆ ಬರುತ್ತಿತ್ತು. ಹಾಗೆ ನಿಂತ ಲಿಫ್ಟುಗಳಲ್ಲಿ ಅರ್ಧದಷ್ಟಾದರೂ ಸುಳ್ಳಿರಬೇಕು. ತಂಗಿಗೆ ಮದುವೆಯಾಗಿ, ಮಗಳು ಹುಟ್ಟಿ, ಆ ಮಗುವಿಗೆ ಮೂರು ತುಂಬುವಷ್ಟರಲ್ಲಿ ಗಂಡ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿದಾಗ, ಅಣ್ಣ ಬಂದು ಅವರ ಪಕ್ಕದ ಮನೆಯನ್ನೇ ಬಾಡಿಗೆಗೆ ಹಿಡಿದ. ಯಾರೂ ಕರೆದಿರಲಿಲ್ಲ. ಹೊಸ ಮನೆಯ ಬೀಗ ಸರಿಯಿಲ್ಲ ಎಂದು ಗೊಣಗುತ್ತಾ ಸಾಮಾನು ಇಳಿಸಿದ, ಅಷ್ಟೇ.

ಒಂಬತ್ತು ವರ್ಷದ ಹಿಂದೆ ಅಣ್ಣನಿಗೆ ಮೂತ್ರದ ತೊಂದರೆ ಶುರುವಾಯಿತು. ಪ್ರಾಸ್ಟೇಟ್ ಗ್ರಂಥಿಗೆ ಸೂಜಿ ಹಾಕಿ ದಾರದಷ್ಟು ಸಣ್ಣ ಹನ್ನೆರಡು ಎಳೆ ಮಾಂಸ ತೆಗೆದರು. ಬಾಟಲಿಗಳು ಕೆಳಗೆ ಬಂದವು.

ಆ ಕೋಣೆಯಲ್ಲಿ ಒಂದು ಪದ್ಧತಿಯಿದೆ. ಎಲ್ಲೂ ಬರೆದಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ: ಸ್ವಂತದವರ ಮಾಂಸ ಮುಟ್ಟಬಾರದು. ಚೀಟಿಯ ಮೇಲೆ ಮನೆಯವರ ಹೆಸರು ಕಂಡರೆ ತಟ್ಟೆಯನ್ನು ಪಕ್ಕದ ಯಂತ್ರದ ಕಡೆ ಸರಿಸುವುದು. ಪಕ್ಕದವರು ಯಾಕೆ ಎಂದು ಕೇಳದೆ ತೆಗೆದುಕೊಳ್ಳುವುದು. ಆಗ ಪಕ್ಕದಲ್ಲಿದ್ದವನ ಕೈ ಒರಟು, ಚಕ್ರವನ್ನು ಬಾವಿಯ ರಾಟೆಯಂತೆ ತಿರುಗಿಸುತ್ತಿದ್ದ. ಅಣ್ಣನನ್ನು ಅವನ ಕೈಗೆ ಕೊಡಲು ಪೊರೆಯಕ್ಕನಿಗೆ ಮನಸ್ಸು ಬರಲಿಲ್ಲ. ಹನ್ನೆರಡನ್ನೂ ಅವಳೇ ಕತ್ತರಿಸಿದಳು.

ಹನ್ನೊಂದರಲ್ಲಿ ಏನೂ ಇರಲಿಲ್ಲ. ಒಂದರಲ್ಲಿ ಮಾತ್ರ ಕೆಟ್ಟ ಮೂಲೆಯೊಂದು ಕಂಡಿತು. ಆಗಿನ ಹಿರಿಯ ಡಾಕ್ಟರು ಇನ್ನೂ ಸ್ವಲ್ಪ ಆಳದಿಂದ ಎರಡು ಪೊರೆ ಕೇಳಿದರು. ಕೊಟ್ಟಳು. ಕ್ಯಾನ್ಸರ್ ಎಂದು ಬರೆದು ಸಹಿ ಹಾಕಿದರು. ಅವರ ಕೆಲಸ ಅಲ್ಲಿಗೆ ಮುಗಿಯಿತು, ಇವಳದ್ದು ಮುಗಿಯಲಿಲ್ಲ. ಅವಳಿಗೆ ನಂಬಿಕೆಯಾಗಲಿಲ್ಲ. ಇನ್ನೊಂದು ಚೂರು ಒಳಗೆ ಹೋದರೆ ಒಳ್ಳೆಯ ಮಾಂಸ ಸಿಗಬಹುದು, ಡಾಕ್ಟರ ಕಣ್ಣು ತಪ್ಪಿರಬಹುದು ಎಂದು ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಆ ಬ್ಲಾಕನ್ನು ಮತ್ತೆ ಯಂತ್ರಕ್ಕೆ ಏರಿಸಿದಳು. ಕತ್ತರಿಸಿ, ಬಣ್ಣ ಹಾಕಿ, ಮೂಲೆಯ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಅದರ ಮರುದಿನವೂ ಅದೇ. ಇನ್ನೂ ಒಂದು ದಿನ. ಮೂರು ಊಟದ ಹೊತ್ತಿನಲ್ಲಿ ಮೂವತ್ತೆಂಟು ಪೊರೆ, ಮುಖ ಸಮ ಮಾಡಲು ಕೆರೆದದ್ದು ಬೇರೆ. ಒಂದಾದರೂ ಅವಳು ಕೇಳಿದ ಮಾತು ಹೇಳಲಿಲ್ಲ. ಕೊನೆಗೆ ಗಾಜಿನ ಮೇಲೆ ಖಾಲಿ ಮೇಣ ಬಂದಾಗ ಚಕ್ರ ನಿಲ್ಲಿಸಿದಳು. ಯಾರೂ ಕೇಳದ ಸ್ಲೈಡುಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಒಡೆದ ಗಾಜಿನ ಡಬ್ಬಿಗೆ ಹಾಕಿದಳು. ಬ್ಲಾಕನ್ನು ಅದರ ಜಾಗದಲ್ಲಿಟ್ಟು ಕಪಾಟು ಮುಚ್ಚಿದಳು. ಬ್ಲಾಕು ಹೊರತೆಗೆದಾಗಲೆಲ್ಲ ಕಾರ್ಡಿಗೆ ಹಾಕಬೇಕಾದ ಸಹಿಯನ್ನು ಮಾತ್ರ ರೂಢಿಯಂತೆ ಮೂರು ದಿನವೂ ಹಾಕಿದ್ದಳು.

ಯಾರಿಗೂ ಗೊತ್ತಾಗಲಿಲ್ಲ. ಅಣ್ಣನಿಗೆ ವಿಕಿರಣ ಕೊಟ್ಟರು, ಗಂಡು ಹಾರ್ಮೋನು ನಿಲ್ಲಿಸುವ ಇಂಜೆಕ್ಷನ್ನು ಕೊಟ್ಟರು. ಎಂಟು ವರ್ಷ ಅವನು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ. ಪೊರೆಯಕ್ಕ ಆ ಬ್ಲಾಕನ್ನು ಮರೆತಿದ್ದಳು ಎಂದರೆ ಸುಳ್ಳಾದೀತು. ಅದರ ಅಗತ್ಯ ಇನ್ನು ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅಗತ್ಯ ಬಿತ್ತು. ಈ ವರ್ಷ ಅಣ್ಣನ ಸೊಂಟ ನೋಯತೊಡಗಿತು, ರೋಗದ ಅಳತೆ ಹೇಳುವ ರಕ್ತದ ಅಂಕಿ ತಿಂಗಳು ತಿಂಗಳಿಗೆ ಏರಿತು, ಸ್ಕ್ಯಾನ್ ಮಾಡಿ ನೋಡಿದರೆ ರೋಗ ಮೂಳೆಗೆ ಇಳಿದಿತ್ತು. ಕ್ಯಾನ್ಸರ್ ವಿಭಾಗಕ್ಕೆ ಹೊಸದಾಗಿ ಬಂದ ಡಾಕ್ಟರಮ್ಮ ಅಣ್ಣ ತಂಗಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿದಳು. ವಯಸ್ಸು ಮೂವತ್ತೈದರ ಒಳಗೇ, ಆದರೆ ರೋಗಿಯ ಮುಖ ನೋಡಿ ಮಾತಾಡುವ ಒಳ್ಳೆಯ ಅಭ್ಯಾಸವಿತ್ತು.

"ಮೈಯಲ್ಲಿರೋ ಎಲ್ಲ ಜೀವಕೋಶದಲ್ಲೂ ಇರೋದು ಅದೇ ಜೀನುಗಳು. ಕಣ್ಣಲ್ಲಿ ಕೆಲವು ಕೆಲಸ ಮಾಡ್ತವೆ, ಚರ್ಮದಲ್ಲಿ ಬೇರೆ ಕೆಲವು. ಮಿಕ್ಕಿದ್ದೆಲ್ಲ ಬಾಯಿ ಮುಚ್ಕೊಂಡಿರುತ್ತೆ. ಈ ಗಡ್ಡೆಯಲ್ಲಿ ಬಾಯಿ ಮುಚ್ಕೊಂಡಿರಬೇಕಾದವು ಕೂಗಾಡ್ತಿವೆ, ಮಾತಾಡಬೇಕಾದವು ಸುಮ್ಮನಾಗಿವೆ."

"ನಮ್ಮ ಮನೇಲಿ ಮೊದಲಿಂದ ಹಂಗೇ," ಎಂದ ಅಣ್ಣ.

ಡಾಕ್ಟರಮ್ಮ ನಕ್ಕು ಮುಂದುವರಿಸಿದಳು. "ಹಾರ್ಮೋನು ಬಂದು ಗುಂಡಿ ಒತ್ತಿದ್ರೆ ಮಾತ್ರ ಬೆಳೆಯೋ ಗಡ್ಡೆ ಇದು. ನಾವು ಹಾರ್ಮೋನನ್ನೇ ನಿಲ್ಲಿಸಿದ್ವಿ. ಇಷ್ಟು ದಿನ ತೆಪ್ಪಗಿತ್ತು. ಈಗ ಗುಂಡಿಯ ಜೀನೇ ಬದಲಾಗಿರಬೇಕು. ಒತ್ತೋರಿಲ್ಲದಿದ್ರೂ ಓಡ್ತಿದೆ."

"ನೋಡಿದ್ದೀನಿ ಅಂಥ ಲಿಫ್ಟು," ಎಂದ ಅಣ್ಣ. "ಒಳಗೆ ಯಾರೂ ಇರಲ್ಲ, ತಾನೇ ಮಹಡಿ ಮಹಡಿ ಸುತ್ತುತಿರುತ್ತೆ. ಅದಕ್ಕೆ ಗುಂಡಿ ರಿಪೇರಿ ಮಾಡಿದ್ರೆ ಏನೂ ಆಗಲ್ಲ. ಹಗ್ಗಕ್ಕೇ ಕೈ ಹಾಕ್ಬೇಕು."

"ಅದೇ ಮಾಡೋಣ ಅಂತಿದ್ದೀನಿ," ಎಂದಳು ಡಾಕ್ಟರಮ್ಮ. ಜೀವಕೋಶದೊಳಗಿನ ಜೀನುಗಳಿಗೆ ದಿನವೂ ಏಟು ಬೀಳುತ್ತಿರುತ್ತದೆ, ಅದನ್ನು ಸರಿಪಡಿಸುವ ಜೀನುಗಳೂ ಒಳಗೇ ಇರುತ್ತವೆ ಎಂದು ವಿವರಿಸಿದಳು. ಕೆಲವರ ಗಡ್ಡೆಯಲ್ಲಿ ಅಂಥದ್ದೊಂದು ಕೆಟ್ಟಿರುತ್ತದೆ. ಬಿ ಆರ್ ಸಿ ಎ ಎರಡು ಎಂದು ಅದರ ಹೆಸರು. "ಎರಡು ಹಗ್ಗದಲ್ಲಿ ಒಂದು ತುಂಡಾಗಿದೆ ಅಂದ್ಕೊಳ್ಳಿ. ಗಡ್ಡೆ ಇನ್ನೊಂದು ಹಗ್ಗ ಹಿಡಿದು ನೇತಾಡ್ತಿದೆ. ಆ ಎರಡನೇ ಹಗ್ಗ ಕತ್ತರಿಸೋ ಮಾತ್ರೆ ಈಗಿದೆ. ಒಳ್ಳೇ ಜೀವಕೋಶಕ್ಕೆ ಮೊದಲನೇ ಹಗ್ಗ ಇನ್ನೂ ಇರೋದ್ರಿಂದ ಅವು ಉಳಿದುಕೊಳ್ತವೆ. ಆದ್ರೆ ಜೀನು ಕೆಟ್ಟಿದೆ ಅಂತ ತೋರಿಸದೆ ಆ ಮಾತ್ರೆ ಕೊಡೋ ಹಾಗಿಲ್ಲ. ಕೆಡದೇ ಇದ್ರೆ ಕೊಟ್ಟೂ ಪ್ರಯೋಜನ ಇಲ್ಲ."

"ಬಿ ಆರ್ ಸಿ ಎ ಎರಡು. ಹೆಸರಾ ಅದು, ಲಾರಿ ನಂಬರಾ?" ಎಂದ ಅಣ್ಣ. ಅವನ ಕಣ್ಣಿನಲ್ಲಿ ಬಹಳ ದಿನದ ಮೇಲೆ ಆಸೆ ಕಂಡಿತು.

ಡಾಕ್ಟರಮ್ಮ ಪೊರೆಯಕ್ಕನ ಕಡೆ ತಿರುಗಿದಳು. "ಜೀನು ನೋಡೋಕೆ ಗಡ್ಡೆಯ ಚೂರು ಬೇಕು. ಅಕ್ಕ, ಹಳೇ ಬ್ಲಾಕು ನಿಮ್ಮ ಕೈಯಲ್ಲೇ ಇದೆಯಲ್ಲ. ಈಗ ಮೂಳೆಯಿಂದ ತೆಗೆದ್ರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಮೂಳೆಯನ್ನು ಕತ್ತರಿಸಬೇಕಾದರೆ ಮೊದಲು ಆಸಿಡ್ಡಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಆ ಆಸಿಡ್ಡು ಜೀನನ್ನೂ ತಿಂದುಹಾಕುತ್ತದೆ. ಮೊದಲ ಸಲ ಕೊಟ್ಟ ಸ್ಲೈಡುಗಳನ್ನಾದರೂ ಕೆರೆದು ನೋಡೋಣವೆಂದರೆ ಅವು ಎರಡನೇ ಅಭಿಪ್ರಾಯಕ್ಕೆಂದು ಇನ್ನೊಂದು ಆಸ್ಪತ್ರೆಗೆ ಹೋಗಿ ಅಲ್ಲೇ ಕಳೆದುಹೋಗಿದ್ದವು. ಬೇರೆ ಹನ್ನೊಂದರಲ್ಲಿ ಗಡ್ಡೆಯೇ ಇಲ್ಲ, ಉಳಿದದ್ದು ಆ ಬ್ಲಾಕೊಂದೇ. "ತರ್ತೀನಿ," ಎಂದು ಪೊರೆಯಕ್ಕ ಎದ್ದಳು.

ಅಣ್ಣ ಮನೆಗೆ ಹೋದ ಮೇಲೆ ಅವಳು ತಂದುಕೊಟ್ಟ ಬ್ಲಾಕನ್ನು ಡಾಕ್ಟರಮ್ಮ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಇದರಲ್ಲಿ ಏನೂ ಇಲ್ಲವಲ್ಲ ಅಕ್ಕ. ಯಾರು ಹೀಗೆ ಕತ್ತರಿಸಿದ್ದು?"

"ಹಳೇ ಕಾಲದ್ದು," ಎಂದಳು ಪೊರೆಯಕ್ಕ. ಮೂವತ್ತೊಂದು ವರ್ಷ ಬೇರೆಯವರಿಗೆ ಬೈದ ಬಾಯಿ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಒರಟು ಕೈಯ ಆ ಪಕ್ಕದವನು ಕೆಲಸ ಬಿಟ್ಟು ಯಾವುದೋ ಕಾಲವಾಗಿತ್ತು. ತಪ್ಪು ಅವನ ತಲೆಗೆ ಹೋದರೆ ಹೋಗಲಿ ಎಂದು ಒಂದು ಕ್ಷಣ ಅನಿಸಿದ್ದೂ ನಿಜ. ಅವಳು ಕೆಟ್ಟವಳಲ್ಲ. ಹೆದರಿದ್ದಳು.

"ರಕ್ತದಲ್ಲಿ ನೋಡೋಕಾಗಲ್ವಾ?" ಎಂದು ಕೇಳಿದಳು.

"ನೋಡಬಹುದು. ಆದ್ರೆ ಅದರಲ್ಲಿ ಕಾಣೋದು ಹುಟ್ಟಿನಿಂದಲೇ ಬಂದ ದೋಷ ಮಾತ್ರ. ಆಮೇಲೆ ಗಡ್ಡೆಯೊಳಗೇ ಕೆಟ್ಟಿದ್ದಾದ್ರೆ ಕಾಣಲ್ಲ. ಗಡ್ಡೆಯ ಚೂರು ಇದ್ದಿದ್ರೆ ಎರಡೂ ಗೊತ್ತಾಗ್ತಿತ್ತು. ನಿಮ್ಮ ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ? ನಿಮ್ಮಣ್ಣ ಯಾರಿಗೂ ಇಲ್ಲ ಅಂತ ಬರೆಸಿದ್ದಾರೆ."

ಅಣ್ಣ ಸುಳ್ಳು ಬರೆಸಿರಲಿಲ್ಲ. ಅಮ್ಮ ಶ್ವಾಸಕೋಶದಲ್ಲಿ ನೀರು ತುಂಬಿ ಹೋದಳು ಎಂದಷ್ಟೇ ಅವನಿಗೆ ಗೊತ್ತು. ಅದಕ್ಕೂ ಒಂದು ವರ್ಷ ಮೊದಲು ಅಮ್ಮನ ಎದೆಯಲ್ಲಿ ಗಂಟಾಗಿ ಒಡೆದದ್ದು, ಅವಳ ಒಳಬಟ್ಟೆ ಒಗೆಯುತ್ತಿದ್ದ ಹದಿಮೂರರ ಹುಡುಗಿಗೆ ಮಾತ್ರ ಗೊತ್ತಿತ್ತು. "ಅಣ್ಣನಿಗೆ ಹೇಳ್ಬೇಡ, ಅವನು ಕೆಲಸ ಬಿಟ್ಟು ಕೂತ್ಕೋತಾನೆ," ಎಂದು ಅಮ್ಮ ಹೇಳಿದ್ದಳು. ಹೇಳಬೇಡ ಎಂದವಳು ಹೋಗಿ ನಲವತ್ನಾಲ್ಕು ವರ್ಷವಾದರೂ ಬಾಯಿಗೆ ಹಾಕಿದ ಬೀಗ ಹಾಗೇ ಇತ್ತು.

ಈಗ ಬೀಗ ತೆಗೆದಳು. ಡಾಕ್ಟರಮ್ಮ ನೆಟ್ಟಗೆ ಕೂತಳು. "ಮೊದಲೇ ಹೇಳ್ಬಾರದಿತ್ತಾ? ಇದೇ ಜೀನು ಹೆಂಗಸರಿಗೆ ಎದೆಯಲ್ಲಿ, ಅಂಡಾಶಯದಲ್ಲಿ ಬರುತ್ತೆ, ಗಂಡಸರಿಗೆ ಇಲ್ಲಿ. ನಾಳೆನೇ ಅವರ ರಕ್ತ ತೊಗೊಳ್ಳೋಣ." ಆಮೇಲೆ ಮೆಲ್ಲಗೆ ಹೇಳಿದಳು. "ಅಮ್ಮನಿಂದ ಬಂದಿದ್ರೆ ನಿಮಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ನಿಮಗಿದ್ರೆ, ನಿಮ್ಮ ಮಗಳಿಗೂ ಅಷ್ಟೇ."

ರಕ್ತ ಹೋಯಿತು. ಉತ್ತರಕ್ಕೆ ಐದು ವಾರ ಎಂದರು.

ಆ ಐದು ವಾರ ಪೊರೆಯಕ್ಕನ ತಲೆಯಲ್ಲಿ ನಡೆದದ್ದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅವಳೇ ಅದನ್ನು ಸ್ಪಷ್ಟವಾಗಿ ಹೇಳಿಕೊಳ್ಳಲು ಎರಡು ವಾರ ಬೇಕಾಯಿತು. ದೋಷ ಹುಟ್ಟಿನಿಂದ ಬಂದಿದ್ದರೆ ಅಣ್ಣನಿಗೆ ಮಾತ್ರೆ ಸಿಗುತ್ತದೆ, ಬ್ಲಾಕು ಖಾಲಿಯಾದದ್ದು ಯಾರಿಗೂ ಕೇಡು ಮಾಡಿದಂತಾಗುವುದಿಲ್ಲ. ಬಂದಿರದಿದ್ದರೆ ದೋಷ ಗಡ್ಡೆಯಲ್ಲಿ ಮಾತ್ರ ಇದ್ದಿರಬಹುದು, ಅದನ್ನು ತೋರಿಸಬಹುದಾಗಿದ್ದ ಒಂದೇ ಪುರಾವೆಯನ್ನು ಅವಳು ಡಬ್ಬಿಗೆ ಹಾಕಿದ್ದಾಳೆ. ಹಾಗಾಗಿ ದಿನವೂ ಚಕ್ರ ತಿರುಗಿಸುತ್ತಾ ಅವಳು ಬೇಡಿಕೊಳ್ಳುತ್ತಿದ್ದದ್ದು, ಅಣ್ಣನ ರಕ್ತದಲ್ಲಿ ದೋಷ ಸಿಗಲಿ ಎಂದು. ತನ್ನ ರಕ್ತವೂ ಅದೇ, ಮಗಳದ್ದೂ ಅದೇ ಎಂದು ಗೊತ್ತಿದ್ದೂ ಬೇಡಿಕೊಂಡಳು. ಒಂದು ಮಧ್ಯಾಹ್ನ ಇದು ಅವಳಿಗೆ ನೇರವಾಗಿ ಹೊಳೆಯಿತು. ಪೊರೆ ಹರಿಯಿತು. ಆ ದಿನ ಇನ್ನೇನೂ ಕತ್ತರಿಸದೆ ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಬಂದಳು.

ಅವರ ಕಟ್ಟಡದ ಲಿಫ್ಟು ಕೆಟ್ಟು ತಿಂಗಳಾಗಿತ್ತು. ಊರಿನ ಲಿಫ್ಟೆಲ್ಲ ರಿಪೇರಿ ಮಾಡಿದವನು ತನ್ನ ಮನೆಗೆ ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ ಅಕ್ಕಪಕ್ಕದವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಅವನಿಗಾಗಿ ಯಾರೋ ಒಂದು ಮುರುಕು ಕುರ್ಚಿ ಇಟ್ಟಿದ್ದರು. ಪೊರೆಯಕ್ಕ ಬಂದಾಗ ಅವನು ಅದರ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದ. ಅವಳು ಎರಡು ಮೆಟ್ಟಿಲು ಕೆಳಗೆ ಕೂತು, ಗೋಡೆ ನೋಡಿಕೊಂಡು, ಮೂರು ಊಟದ ಹೊತ್ತಿನ ಕಥೆ ಪೂರ್ತಿ ಹೇಳಿದಳು. ಅಮ್ಮನ ಗಂಟಿನ ಕಥೆಯನ್ನೂ ಹೇಳಿದಳು.

ಅಣ್ಣ ಕೇಳಿದ. "ಎಷ್ಟು ಹೋಳು ಅಂದೆ?"

"ಮೂವತ್ತೆಂಟು."

"ಒಂದರಲ್ಲಾದ್ರೂ ಚೆನ್ನಾಗಿತ್ತಾ?"

"ಇರಲಿಲ್ಲ."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

ಅವಳು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು. ಅವನೇ ಮಾತಾಡಿದ. "ನಾನಾಗಿದ್ರೂ ಅದೇ ಮಾಡ್ತಿದ್ದೆ ಅಂತ ಹೇಳಲ್ಲ ಪುಟ್ಟಿ. ನಾನು ಮಾಡ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಮನಸ್ಸಿಗೆ ಬಂದ ಹಾಗೆ ಬಿಚ್ಚಿ ನೋಡಿದ್ರೆ ಜನ ಸಾಯ್ತಾರೆ." ಗೋಡೆ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ ಹೋದ. ಅವಳು ಕೈ ಕೊಡಲು ಹೋದಾಗ ಬೇಡ ಎಂದು ತಲೆಯಾಡಿಸಿದ.

ಎರಡು ದಿನ ಅವನ ಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೊ ಕೇಳುತ್ತಿತ್ತು, ಬದುಕಿದ್ದಾನೆ ಎಂದು ಅದರಿಂದ ತಿಳಿಯುತ್ತಿತ್ತು. ಪೊರೆಯಕ್ಕ ಮರುದಿನವೇ ಡಾಕ್ಟರಮ್ಮನ ಹತ್ತಿರ ಹೋಗಿ, ಆ ಬ್ಲಾಕು ಕತ್ತರಿಸಿದ್ದು ನಾನೇ ಎಂದು ಹೇಳಿದಳು. "ಗೊತ್ತು ಅಕ್ಕ, ಕಾರ್ಡಿನಲ್ಲಿ ಮೂರು ದಿನವೂ ನಿಮ್ಮದೇ ಸಹಿ ಇತ್ತು," ಎಂದಳು ಡಾಕ್ಟರಮ್ಮ. "ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ." ಬರೆದುಕೊಡಿ ಎಂದಳು, ಪೊರೆಯಕ್ಕ ಬರೆದುಕೊಟ್ಟಳು. ಮೂವತ್ತೊಂದು ವರ್ಷದಲ್ಲಿ ಅವಳ ಹೆಸರಿಗೆ ಬಿದ್ದ ಮೊದಲ ಕಪ್ಪು ಗುರುತು ಅದು.

ಮೂರನೇ ದಿನ ಅಣ್ಣ ಬಂದು ಅಡುಗೆಮನೆಯಲ್ಲಿ ಕೂತ. "ಟೀ ಮಾಡು," ಎಂದ. ಟೀ ಕುಡಿದು ಮುಗಿಸಿದ ಮೇಲೆ, "ಅಮ್ಮ ನಿಂಗೆ ಹೇಳಿದ್ಲು, ನಂಗೆ ಹೇಳಲಿಲ್ಲ, ಅದೇ ಹೊಟ್ಟೆ ಉರೀತು," ಎಂದ. ಅವನ ಕಣ್ಣು ಕೆಂಪಾಗಿತ್ತು. ಬ್ಲಾಕಿನ ಮಾತು ಮತ್ತೆ ಎತ್ತಲಿಲ್ಲ. ಕ್ಷಮಿಸಿದ್ದನೋ ಇಲ್ಲವೋ ಅವಳೂ ಕೇಳಲಿಲ್ಲ.

ಐದನೇ ವಾರ ಡಾಕ್ಟರಮ್ಮ ಕರೆಸಿದಳು. ಕಾಗದ ಮೇಜಿನ ಮೇಲಿತ್ತು. "ಸಿಕ್ಕಿದೆ," ಎಂದಳು. "ಹುಟ್ಟಿನಿಂದಲೇ ಬಂದಿದ್ದು. ಬಿ ಆರ್ ಸಿ ಎ ಎರಡು. ಮುಂದಿನ ವಾರ ಮಾತ್ರೆ ಶುರು ಮಾಡೋಣ."

ಪೊರೆಯಕ್ಕನ ಮುಖದಲ್ಲಿ ನಗು ಬಂತು. ತಡೆಯಲು ಅವಳಿಗೆ ಹೊಳೆಯಲೇ ಇಲ್ಲ. ಐದು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು. ಪಕ್ಕಕ್ಕೆ ತಿರುಗಿ ಅಣ್ಣನನ್ನು ನೋಡಿದಳು. ಅವನು ನಗುತ್ತಿರಲಿಲ್ಲ. ಬದುಕುವ ದಾರಿ ಸಿಕ್ಕಿದ ಮನುಷ್ಯ ಮುಖ ಮುಚ್ಚಿಕೊಂಡು ಅಳುತ್ತಿದ್ದ.

"ಯಾಕಣ್ಣ?"

"ಹುಚ್ಚಿ," ಎಂದ ಅವನು. "ನನ್ನ ಮಾತ್ರೆ ಹೋಗ್ಲಿ ಬಿಡು. ಮಗೂದು ಯೋಚನೆ ಮಾಡಿದೆಯಾ?"

ಮಗು ಎಂದರೆ ಪೊರೆಯಕ್ಕನ ಮಗಳು. ಇಪ್ಪತ್ತೊಂಬತ್ತು ವರ್ಷ, ಡ್ರೈವಿಂಗ್ ಕಲಿಸುತ್ತಾಳೆ. ದಿನಕ್ಕೆ ಎಂಟು ಜನ ಅವಳನ್ನು ಗೋಡೆಗೆ ಗುದ್ದಲು ನೋಡುತ್ತಾರೆ, ಅವಳು ತನ್ನ ಕಾಲ ಬಳಿಯ ಎರಡನೇ ಬ್ರೇಕು ಒತ್ತಿ ಬದುಕಿಕೊಳ್ಳುತ್ತಾಳೆ. ಮಾತು ಕಡಿಮೆ, ಆಡಿದರೆ ನೆಟ್ಟಗೆ. ಮಾಮನೆಂದರೆ ಪ್ರಾಣ, ಅಪ್ಪನ ಜಾಗದಲ್ಲಿ ಅವಳು ಕಂಡದ್ದು ಅವನನ್ನೇ. ಅವತ್ತು ಸಂಜೆ ಇಬ್ಬರನ್ನೂ ಕರೆದೊಯ್ಯಲು ಕಲಿಸುವ ಕಾರನ್ನೇ ಆಸ್ಪತ್ರೆಗೆ ತಂದಿದ್ದಳು. ಮಾಮ ಔಷಧದ ಅಂಗಡಿಯ ಸಾಲಿನಲ್ಲಿ ನಿಂತಿದ್ದ. ತಾಯಿ ಮಗಳು ಕಾರಿನಲ್ಲಿ ಕೂತಿದ್ದರು.

ಪೊರೆಯಕ್ಕ ಎಲ್ಲ ಹೇಳಿದಳು: ಬ್ಲಾಕು, ಜೀನು, ಅಜ್ಜಿ, ಅರ್ಧಕ್ಕರ್ಧ. ಮೊದಲು ತನ್ನ ರಕ್ತ ನೋಡುತ್ತಾರೆ, ತನಗಿಲ್ಲದಿದ್ದರೆ ಮಗಳಿಗೂ ಇರುವುದಿಲ್ಲ, ಇದ್ದರೆ ಬೇಗ ಬೇಗ ಪರೀಕ್ಷೆ ಮಾಡಿಸುತ್ತಾ ಕಣ್ಣಲ್ಲಿ ಕಣ್ಣಿಟ್ಟು ಕಾಯಬಹುದು, ಅಮ್ಮನ ಕಾಲದ ಹಾಗಲ್ಲ ಎಂದಳು. ಮಗಳು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದಳು.

"ರಿಪೋರ್ಟು ಕೇಳಿ ನೀನು ನಕ್ಕೆಯಂತೆ," ಎಂದಳು. "ಮಾಮ ಫೋನಲ್ಲಿ ಹೇಳಿದ್ರು."

"ನಕ್ಕೆ."

"ಮಾಮನಿಗೆ ಮಾತ್ರೆ ಸಿಕ್ತು ಅಂತಾನಾ?"

ಹೌದು ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡದ್ದರ ಬೆಲೆಯನ್ನು ಅವಳು ಆ ವರ್ಷ ಎರಡು ಸಲ ನೋಡಿದ್ದಳು. "ಅದೊಂದೇ ಅಲ್ಲ," ಎಂದಳು. "ನಾನು ಹಾಳು ಮಾಡಿದ್ದು ಮುಚ್ಚಿಹೋಗ್ಲಿ ಅಂತ, ಅದು ರಕ್ತದಲ್ಲೇ ಇರ್ಲಿ ಅಂತ ಬೇಡ್ಕೊಂಡಿದ್ದೆ. ನಿಂಗೂ ಬರಬಹುದು ಅಂತ ಗೊತ್ತಿತ್ತು. ಗೊತ್ತಿದ್ದೇ ಬೇಡ್ಕೊಂಡೆ."

ಔಷಧದ ಅಂಗಡಿಯ ಸಾಲು ಇಬ್ಬರಷ್ಟು ಮುಂದೆ ಸರಿಯಿತು. ಮಾಮ ಯಾರ ಜೊತೆಗೋ ತಮಾಷೆ ಮಾಡುತ್ತಿದ್ದದ್ದು ಅಲ್ಲಿಂದ ಕಾಣುತ್ತಿತ್ತು.

"ಬೇಡ್ಕೊಂಡಿದ್ದರಿಂದ ಏನೂ ಬರಲ್ಲ," ಎಂದಳು ಮಗಳು. "ಬರೋದಿದ್ರೆ ನಾನು ಹುಟ್ಟುವಾಗಲೇ ಬಂದಿದೆ. ಅದಕ್ಕೆ ನನಗೆ ಬೇಜಾರಿಲ್ಲ." ಆಮೇಲೆ ತಾಯಿಯ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. "ಮಾಮನಿಗೋಸ್ಕರ ಅಂತ ನನ್ನ ಕೇಳಿದ್ರೆ ನಾನೇ ಒಪ್ಪಿಕೊಳ್ತಿದ್ದೆ ಅಮ್ಮ. ನೀನು ಕೇಳಲಿಲ್ಲ. ಇನ್ಮೇಲೆ ನನ್ನದನ್ನ ನನ್ನ ಕೇಳದೆ ಯಾರಿಗೂ ಕೊಡ್ಬೇಡ."

"ಆಯ್ತು," ಎಂದಳು ಪೊರೆಯಕ್ಕ.

ಮಗಳು ಕೀಲಿ ತೆಗೆದು ಕಾರಿನಿಂದ ಇಳಿದಳು, ಈ ಬದಿಗೆ ಬಂದು ತಾಯಿಯ ಬಾಗಿಲು ತೆಗೆದಳು. ರಕ್ತ ತೆಗೆಯುವ ಕೋಣೆ ಮುಚ್ಚಲು ಇನ್ನೂ ಅರ್ಧ ಗಂಟೆ ಇತ್ತು.